ಹುಂಜದ ಕೂಗು, ವಿಮಾನ ಸಿಬ್ಬಂದಿಯ ನಿದ್ದೆ

ಕಲಬುರಗಿಯ ಖೂಬಾ ಪ್ಲಾಟ್‌ನಂಥ ವಸತಿ ಬಡಾವಣೆಯಲ್ಲಿ ನಸುಕಿನ ನಾಲ್ಕಕ್ಕೆ ಹುಂಜ ಕೂಗಿದರೆ ಮನೆಯವರು ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರುತ್ತಾರೆ. ಆದರೆ ಒಂದು ಹಾರಾಟ ಮುಗಿಸಿ ಮುಂದಿನದಕ್ಕಾಗಿ ಪರವೂರಿನ ಹೋಟೆಲಿನಲ್ಲಿ ತಂಗುವ ಪೈಲಟ್‌ಗಳಿಗೂ ಗಗನಸಖಿಯರಿಗೂ ಈ ಕೂಗು ಹಗುರವಾದ ಸಂಗತಿಯಲ್ಲ. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಬಳಿಯ ವಿಮಾನ ನಿಲ್ದಾಣ ಉದ್ಘಾಟನೆಗೊಂಡು ಕಲಬುರಗಿಯೂ ವಿಮಾನ ಭೂಪಟಕ್ಕೆ ಸೇರಿದ ಮೇಲೆ ಈ ಪ್ರಶ್ನೆ ನಮಗೂ ತೀರ ದೂರದ್ದಲ್ಲ.

ಸಿಬ್ಬಂದಿಯ ವಿಶ್ರಾಂತಿ ಕಂಪನಿಯ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಂತೆ ಎರಡು ಕರ್ತವ್ಯಗಳ ನಡುವೆ ಕನಿಷ್ಠ 12 ಗಂಟೆ, ಅಥವಾ ಹಿಂದಿನ ಕರ್ತವ್ಯ ಅದಕ್ಕಿಂತ ದೀರ್ಘವಾಗಿದ್ದಲ್ಲಿ ಅಷ್ಟೇ ಅವಧಿಯ ವಿಶ್ರಾಂತಿ ದೊರೆಯಬೇಕು. ತಂಗುವ ಕೋಣೆಯಲ್ಲಿ ಸದ್ದು ಅತ್ಯಲ್ಪವಾಗಿರಬೇಕು. ಗಾಳಿಯಾಡುವಂತಿದ್ದು, ಬೆಳಕು ಮತ್ತು ಉಷ್ಣತೆಯನ್ನು ನಿಯಂತ್ರಿಸುವ ಸೌಕರ್ಯವಿರಬೇಕು. ಪರದೆ ಎಳೆದರೆ ಬೆಳಕು ನಿಂತೀತು, ಹವಾನಿಯಂತ್ರಕ ಸೆಖೆಯನ್ನು ನೋಡಿಕೊಂಡೀತು. ಪಕ್ಕದ ಹಿತ್ತಿಲ ಹುಂಜ ಮಾತ್ರ ಹೋಟೆಲಿನವರ ಅಂಕೆಗೆ ಸಿಕ್ಕುವುದಿಲ್ಲ.

ಬೆಳಕು ಕಂಡೊಡನೆ ಹುಂಜ ಕೂಗುತ್ತದೆ ಎಂಬ ನಂಬಿಕೆ ಅರ್ಧ ಸತ್ಯ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಕಾಶಿ ಯೋಶಿಮುರಾ ಮತ್ತು ತ್ಸುಯೋಶಿ ಶಿಮ್ಮುರಾ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೆಳಗಿನ ಕೂಗನ್ನು ಹುಂಜದ ದೇಹದೊಳಗಿನ ಗಡಿಯಾರವೇ ನಿರ್ಧರಿಸುತ್ತದೆ. ಬೆಳಕು ಹರಿಯುವ ಸುಮಾರು ಎರಡು ಗಂಟೆ ಮೊದಲೇ ಕೂಗು ಆರಂಭವಾಗುತ್ತದೆ. ಗುಂಪಿನಲ್ಲಿ ಮೊದಲು ಕೂಗುವ ಹಕ್ಕು ಯಜಮಾನ ಹುಂಜದ್ದು ಎಂಬುದನ್ನೂ ಇದೇ ತಂಡ 2015ರಲ್ಲಿ ತೋರಿಸಿತು. ಆರಕ್ಕೆ ಸೂರ್ಯೋದಯವಾದರೆ ಕೂಗು ನಾಲ್ಕರ ಸುಮಾರಿಗೆ. ವಿಮಾನಯಾನ ನಿಯಮಗಳು ಮನುಷ್ಯನ ಎಚ್ಚರ ಅತ್ಯಂತ ಕುಂದಿರುವ ಹೊತ್ತೆಂದು ಗುರುತಿಸಿರುವುದೂ ರಾತ್ರಿ ಎರಡರಿಂದ ಬೆಳಗಿನ ಆರರವರೆಗಿನ ಅವಧಿಯನ್ನೇ. ದೇಹ ನಿದ್ದೆಯನ್ನು ಅತಿಯಾಗಿ ಬೇಡುವ ಹೊತ್ತಿಗೇ ಹುಂಜಕ್ಕೆ ಬೆಳಗಾಗುತ್ತದೆ. ರಾತ್ರಿಯೆಲ್ಲ ಹಾರಿ ಹಗಲು ಮಲಗುವವರಿಗೂ ನೆಮ್ಮದಿಯಿಲ್ಲ, ಏಕೆಂದರೆ ಅದು ಹಗಲಿನಲ್ಲಿಯೂ ಕೂಗುತ್ತದೆ.

ಇನ್ನು ಸದ್ದಿನ ಪ್ರಮಾಣ. ಒಂದು ಮೀಟರ್ ದೂರದಲ್ಲಿ ಹುಂಜದ ಕೂಗು 100 ಡೆಸಿಬಲ್ ದಾಟಬಲ್ಲದು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಸುಮಾರು 6 ಡೆಸಿಬಲ್ ಇಳಿಯುತ್ತದೆಂದು ಲೆಕ್ಕ ಹಾಕಿದರೂ 64 ಮೀಟರ್ ಆಚೆ 64 ಡೆಸಿಬಲ್ ಉಳಿಯುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಿಧಿಸಿರುವ ಮಿತಿ 45 ಡೆಸಿಬಲ್. ಹುಂಜಕ್ಕೆ ತನ್ನ ಕೂಗಿನಿಂದ ಕಿವುಡಾಗುವ ಭಯವಿಲ್ಲ. ಕೊಕ್ಕು ಪೂರ್ತಿ ತೆರೆದಾಗ ಅದರ ಕಿವಿಯ ನಾಳ ತಾನಾಗಿ ಮುಚ್ಚಿಕೊಳ್ಳುತ್ತದೆಂದು ಬೆಲ್ಜಿಯಂನ ಸಂಶೋಧಕರು ಕಂಡುಕೊಂಡಿದ್ದಾರೆ. ಪೈಲಟ್‌ಗೆ ಪ್ರಕೃತಿ ಈ ಸೌಲಭ್ಯ ಕೊಟ್ಟಿಲ್ಲ.

ನಿದ್ದೆಯ ಲೆಕ್ಕ ತಪ್ಪಿದರೆ ಏನಾದೀತು ಎಂಬುದನ್ನು ಕರ್ನಾಟಕ ಕಂಡಿದೆ. 2010ರ ಮೇ 22ರ ಮುಂಜಾನೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಸತ್ತರು. ಬದುಕಿದವರು ಎಂಟೇ ಜನ. ಅಲ್ಲಿ ಹುಂಜದ ಪಾತ್ರವಿರಲಿಲ್ಲ, ನಿಜ. ಆದರೆ ಕ್ಯಾಪ್ಟನ್ ಹಾರಾಟದ ವೇಳೆ ಬಹುಹೊತ್ತು ನಿದ್ರಿಸಿದ್ದುದನ್ನು ಕಾಕ್‌ಪಿಟ್ ಧ್ವನಿಮುದ್ರಣದಿಂದ ಗುರುತಿಸಿದ ತನಿಖಾ ನ್ಯಾಯಾಲಯ, ಎಚ್ಚರವಾದ ಮೇಲೂ ಉಳಿಯುವ ಮಂಪರು ಅವರ ನಿರ್ಧಾರವನ್ನು ಕೆಡಿಸಿರಬಹುದೆಂದಿತು. ಕರ್ತವ್ಯದ ಅವಧಿ ಕುರಿತ ಪರಿಷ್ಕೃತ ನಿಯಮ ಮರುವರ್ಷ ಬಂತು.

ಕಾನೂನಿನ ನೆರವು ಉಂಟೇ? ಶಬ್ದಮಾಲಿನ್ಯ ನಿಯಮಗಳಲ್ಲಿ ಧ್ವನಿವರ್ಧಕ, ಹಾರ್ನ್, ಪಟಾಕಿಗಳ ಹೆಸರಿದೆ, ಹುಂಜದ್ದಿಲ್ಲ. ಫ್ರಾನ್ಸಿನಲ್ಲಿ 2019ರಲ್ಲಿ ಮೋರಿಸ್ ಎಂಬ ಹುಂಜದ ಮೇಲಿನ ದೂರನ್ನು ನ್ಯಾಯಾಲಯ ತಳ್ಳಿಹಾಕಿತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಪರಂಪರೆಯೆಂದು ಪರಿಗಣಿಸುವ ಕಾಯ್ದೆಯೇ ಬಂತು. ನೆರೆಯ ಕೇರಳದ ಅಡೂರಿನಲ್ಲಿ ಇದಕ್ಕೆ ವ್ಯತಿರಿಕ್ತ: ನಸುಕಿನ ಮೂರಕ್ಕೆ ಕೂಗುತ್ತಿದ್ದ ಹುಂಜದ ವಿರುದ್ಧ ನೆರೆಮನೆಯವರು ದೂರಿತ್ತಾಗ, ಕಂದಾಯ ವಿಭಾಗಾಧಿಕಾರಿ 2025ರ ಫೆಬ್ರುವರಿಯಲ್ಲಿ ಕೋಳಿಗೂಡನ್ನು 14 ದಿನಗಳೊಳಗೆ ಸ್ಥಳಾಂತರಿಸಲು ಆದೇಶಿಸಿದರು.

ಮರುದಿನವೇ ಊರು ಬಿಡುವ ಸಿಬ್ಬಂದಿಗೆ ಹದಿನಾಲ್ಕು ದಿನ ಕಾಯುವ ವ್ಯವಧಾನವೆಲ್ಲಿ? ಕೀಲಿಕೈ ಪಡೆಯುವಾಗಲೇ ಹಿತ್ತಿಲ ಕಡೆಯ ಕೋಣೆ ಬೇಡವೆಂದು ಹೇಳುವುದಷ್ಟೇ ಅವರಿಗಿರುವ ದಾರಿ.