ಸೈಕಲ್ ತುಳಿತ ಮತ್ತು ದಾನ: ರಾಯದುರ್ಗ–ಮಡಕಶಿರಾ ಸೀಮೆಯಿಂದ ಒಂದು ನೋಟ

ದೂರದ ಸೈಕಲ್ ಸವಾರಿಯಿಂದ ದಾನ ಕೂಡಿಸುವ ಪದ್ಧತಿಯ ಚರಿತ್ರೆಯಲ್ಲಿ 1980 ಮುಖ್ಯವಾದ ವರ್ಷ. ತಾಯಿಯನ್ನು ಕ್ಯಾನ್ಸರಿನಿಂದ ಕಳೆದುಕೊಂಡಿದ್ದ ಬಿಲ್ಲಿ ಸ್ಟಾರ್ ಆ ವರ್ಷ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಿಂದ ಪ್ರಾವಿನ್ಸ್‌ಟೌನ್‌ಗೆ ಸವಾರಿ ಏರ್ಪಡಿಸಿದರು. 36 ಜನ ತುಳಿದರು, 10,200 ಡಾಲರ್ ಸೇರಿತು. ಲಂಡನ್–ಬ್ರೈಟನ್ ಸವಾರಿ ಹೃದ್ರೋಗ ನಿಧಿಗೆಂದು ನಡೆಯತೊಡಗಿದ್ದೂ ಅದೇ ವರ್ಷ. ಇಂಥ ಸವಾರಿಗಳಲ್ಲಿ ಸವಾರ ಹೊರಡುವ ಮೊದಲೇ ನೆಂಟರಿಷ್ಟರಿಂದ, ಆಫೀಸಿನವರಿಂದ ಇಷ್ಟು ಹಣವೆಂದು ಬರೆಸಿಕೊಳ್ಳುತ್ತಾನೆ. ಕೊಡುವವರು ರಸ್ತೆಗೆ ಬರಬೇಕಿಲ್ಲ.

ನಮ್ಮ ಗಡಿಸೀಮೆಯಲ್ಲಿ ಆಗ ನಡೆಯುತ್ತಿದ್ದುದು ಬೇರೆ. ಕರ್ನಾಟಕ–ಆಂಧ್ರದ ಊರುಗಳಿಗೆ ‘ನಾನ್‌ಸ್ಟಾಪ್ ಸೈಕಲ್’ನವರು ಬರುತ್ತಿದ್ದರು. ಶಾಲೆಯ ಬಯಲಲ್ಲಿ ಹಗಲು ರಾತ್ರಿ ಸುತ್ತು. ಊಟ, ಸ್ನಾನ, ಕ್ಷೌರ ಎಲ್ಲವೂ ಸೈಕಲ್ ಮೇಲೆಯೇ. ಯಾರಾದರೂ ಎರಡು ರೂಪಾಯಿಯ ನೋಟನ್ನು ಸವಾರನ ಅಂಗಿಗೆ ಪಿನ್ನಿನಿಂದ ಚುಚ್ಚಿದರೆ ಮೈಕಿನಲ್ಲಿ ಅವರ ಹೆಸರು, ತಂದೆಯ ಹೆಸರು, ಮೊತ್ತ ಮೂರೂ ಮೊಳಗುತ್ತಿದ್ದವು. ಊರೇ ಕೇಳಿಸಿಕೊಳ್ಳುವ ಆ ಕೂಗೇ ರಶೀದಿ. ಹಣ ತುಳಿಯುವವನ ಸಂಸಾರಕ್ಕೆ ಹೋಗುತ್ತಿತ್ತೆಂಬ ಕಾರಣಕ್ಕೆ ಇದನ್ನು ದಾನದ ಚರಿತ್ರೆಯಿಂದ ಹೊರಗಿಡುವುದು ನನಗೆ ಒಪ್ಪಿಗೆಯಿಲ್ಲ. ದೇಹದಂಡನೆಯನ್ನು ಕಂಡು ಜನ ಕೈಬಿಚ್ಚಿ ಕೊಡುವ ಮೂಲಗುಣ ಎರಡರಲ್ಲೂ ಒಂದೇ. ಹರಕೆ, ಪಾದಯಾತ್ರೆ, ಜೋಳಿಗೆ ಕಂಡ ನಾಡಿಗೆ ಅದು ಹೊಸದೂ ಅಲ್ಲ.

ಈ ಗಡಿಸೀಮೆಯ ರಾಯದುರ್ಗ 1953ರ ಅಕ್ಟೋಬರ್ 1ರಂದು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮಳೆ ಕೈಕೊಡುವ ಈ ಸೀಮೆಗೆ 1969ರಲ್ಲಿ ಬಂದ ವಿನ್ಸೆಂಟ್ ಫೆರರ್ ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟ್, ಅಂದರೆ ಜನರ ಬಾಯಲ್ಲಿ ಆರ್‌ಡಿಟಿ, ಸ್ಪೇನಿನ ದಾನಿಗಳನ್ನು ಇಲ್ಲಿನ ಹಳ್ಳಿಗಳಿಗೆ ಜೋಡಿಸಿತು. ರಾಯದುರ್ಗದ ಮಗ್ಗುಲಿನ ಕಣೇಕಲ್ಲಿನಲ್ಲಿ ಅದರ ಆಸ್ಪತ್ರೆಯಿದೆ. 2016ರಲ್ಲಿ ಅನಂತಪುರದಲ್ಲಿ ಸ್ಪೇನಿನವರು ಆರಂಭಿಸಿದ ಸುಮಾರು 170 ಕಿ.ಮೀ. ರಿಲೇ ಓಟ ಬಡವರ ಮನೆಗಳಿಗೆ ಹಣ ಕೂಡಿಸಿತು. ದಾನಿಯ ಪರವಾಗಿ ದೂರ ಕ್ರಮಿಸುವ ಪಾಶ್ಚಾತ್ಯ ಪದ್ಧತಿ ಈ ಸೀಮೆಗೆ ಬಂದದ್ದು ಓಟಗಾರರ ಮೂಲಕ, ಚಕ್ರದ ಮೂಲಕವಲ್ಲ. ಬೆಂಗಳೂರಿನ ಹವ್ಯಾಸಿಗಳ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಸವಾರಿ 2008ರಲ್ಲಿ ಹೊರಟದ್ದು ದಕ್ಷಿಣದ ಘಟ್ಟಗಳ ಕಡೆಗೆ.

ಇಲ್ಲಿ ಸೈಕಲ್ಲೇ ದಾನವಾಯಿತು. ಹೈಸ್ಕೂಲು ದೂರವೆಂದು ಓದು ಬಿಡುತ್ತಿದ್ದ ಹುಡುಗಿಯರಿಗೆ ಆರ್‌ಡಿಟಿ ಸೈಕಲ್ ಕೊಟ್ಟಿತು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೊಡತೊಡಗಿದಾಗ ಪಾವಗಡದ ಹುಡುಗಿಗೆ ಸಿಕ್ಕಿತು. ಗಡಿಯಾಚೆ ಮಡಕಶಿರಾದಲ್ಲಿ ಅದೇ ಕನ್ನಡ ಮಾಧ್ಯಮದಲ್ಲಿ ಓದುವವಳಿಗೆ ಆ ಸರ್ಕಾರಿ ಸೈಕಲ್ ಸಿಗಲಿಲ್ಲ. ಕನ್ನಡ ಓದುವ ಮಗುವಿನ ಪಾಲಿಗೆ ಗಡಿ ಎಂದರೇನೆಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಆಂಧ್ರ ಸರ್ಕಾರದ ಸೈಕಲ್ ಯೋಜನೆ ‘ಬಡಿಕೊಸ್ತಾ’ ಬಂದದ್ದು ವರ್ಷಗಳ ನಂತರ.

ನಾನ್‌ಸ್ಟಾಪ್ ಸೈಕಲ್‌ನವರ ಕರಪತ್ರ, ಫೋಟೋ, ಮೈಕಿನವರ ಲೆಕ್ಕದ ಪುಸ್ತಕ ರಾಯದುರ್ಗ, ಅಗಳಿ, ರೊಳ್ಳೆ, ಅಮರಾಪುರದ ಮನೆಗಳಲ್ಲಿ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಹತ್ತಿರದ ಕಾಲೇಜಿನ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೆ ತಲುಪಿಸಿ.