ಡಯಲಿಲ್ಲದ ಟೆಲಿಫೋನು

ಏಪ್ರಿಲ್ 14ರಿಂದ ಒಂದು ವಾರ ದೇಶದಾದ್ಯಂತ ಅಗ್ನಿಶಾಮಕ ಸಪ್ತಾಹ. ನಮ್ಮ ಕಚೇರಿಯಲ್ಲೂ ಅಂದು ಡಬ್ಬಿಗೆ ಹತ್ತು ರೂಪಾಯಿ ಹಾಕಿ, ಎದೆಗೊಂದು ಕಾಗದದ ಬಿಲ್ಲೆ ಅಂಟಿಸಿಕೊಂಡು ಮತ್ತೆ ಫೈಲಿಗೆ ತಿರುಗುತ್ತೇವೆ. ಆ ತಾರೀಖು ನಮ್ಮ ಮುಂಬಯಿಯದೇ ಎಂಬುದು ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ತಿಳಿಯದು.

1944. ಮಹಾಯುದ್ಧದ ಕಾಲ. ಬರ್ಕನ್‌ಹೆಡ್‌ನಿಂದ ಹೊರಟ 'ಫೋರ್ಟ್ ಸ್ಟಿಕೀನ್' ಎಂಬ ಹಡಗು ಕರಾಚಿಯ ಮೂಲಕ ಏಪ್ರಿಲ್ 12ರಂದು ವಿಕ್ಟೋರಿಯಾ ಡಾಕಿಗೆ ಬಂತು. ಒಡಲಲ್ಲಿ ಸುಮಾರು 1,400 ಟನ್ನು ಮದ್ದುಗುಂಡು, ಜೊತೆಗೆ ಚಿನ್ನದ ಗಟ್ಟಿಗಳು. ಸಾಲದೆಂಬಂತೆ ಕರಾಚಿಯಲ್ಲಿ 8,700 ಹತ್ತಿಯ ಅಂಡಿಗೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದ್ದರು. ಕಪ್ತಾನ ನೈಸ್ಮಿತ್ ಆಕ್ಷೇಪಿಸಿದರು. ಯುದ್ಧಕಾಲದಲ್ಲಿ ಹಡಗಿನ ಜಾಗ ಖಾಲಿ ಬಿಡುವಂತಿಲ್ಲ ಎಂಬುದೇ ಉತ್ತರ.

ಮದ್ದು ಹೊತ್ತ ಹಡಗು ಕೆಂಪು ಬಾವುಟ ಏರಿಸಬೇಕೆಂಬುದು ಹಳೆಯ ಪದ್ಧತಿ. ಅಂಥ ಹಡಗುಗಳು ನಿತ್ಯದ ಮಾತಾಗಿದ್ದವು, ಬಾವುಟ ಏರಲಿಲ್ಲ. ಮದ್ದು ಇಳಿಸಿಕೊಳ್ಳುವ ದೋಣಿಗಳು ತಡವಾದವು. ಬೇರೆ ಸರಕು ಮೊದಲು ಇಳಿಯಿತು.

14ರ ಮಧ್ಯಾಹ್ನ ಊಟದ ವೇಳೆಗೇ ಅಕ್ಕಪಕ್ಕದ ಹಡಗಿನ ಕೆಲವರು ಹೊಗೆ ಕಂಡಿದ್ದರು. ಯಾರೂ ಬಾಯಿಬಿಡಲಿಲ್ಲ, ಆ ಹಡಗಿನವರು ನೋಡಿಯೇ ಇರುತ್ತಾರೆ ಎಂದುಕೊಂಡಿರಬೇಕು. 2 ಗಂಟೆಯ ಸುಮಾರಿಗೆ ಕೂಲಿಗಳು ಕೂಗಿಕೊಂಡು ಮೇಲೆ ಬಂದರು. ಮದ್ದಿನ ಹಡಗಿಗೆ ಬೆಂಕಿ ಎಂದು ವಿಶೇಷ ಸುದ್ದಿ ಮುಟ್ಟಿಸಲು ಓಡಿದವನಿಗೆ ಸಿಕ್ಕ ಟೆಲಿಫೋನಿಗೆ ಡಯಲೇ ಇರಲಿಲ್ಲ. ಆತ ಗಾಜು ಒಡೆದು ಬೆಂಕಿಯ ಕರೆಗಂಟೆ ಒತ್ತಿದ. ಗಂಟೆಗೆ ಮಾತು ಬಾರದಲ್ಲ! ಸಾಮಾನ್ಯ ಬೆಂಕಿಯೆಂದು ಮೊದಲು ಬಂದದ್ದು ಎರಡೇ ಪಂಪು.

ಹತ್ತಿಯ ಅಂಡಿಗೆ ಒಳಗೊಳಗೇ ಹೊತ್ತಿಕೊಂಡರೆ ಮೇಲೆ ಸುರಿದ ನೀರು ಬೆಂಕಿಯ ಬುಡ ಮುಟ್ಟುವುದು ಕಷ್ಟ. ಮದ್ದಿನ ಪರಿಣತ ಅಧಿಕಾರಿ ಹಡಗನ್ನು ಮುಳುಗಿಸಿರೆಂದರು. ನೀರು ಸುರಿಯುವುದೇ ಸರಿಯೆಂದರು ಇನ್ನೊಬ್ಬರು. ಹೊರಕ್ಕೆ ಎಳೆಯುವ ಮಾತೂ ಬಂತು. ಬಂದರು, ಸೈನ್ಯ, ಅಗ್ನಿಶಾಮಕ ದಳ, ಹಡಗು ಎಂದು ಎಲ್ಲ ಕಡೆಯ ದೊಡ್ಡವರೂ ಅಲ್ಲಿದ್ದರು; ಎಲ್ಲರಿಗೂ ಸೇರಿ ಆಜ್ಞೆ ಕೊಡುವವರು ಒಬ್ಬರೂ ಇರಲಿಲ್ಲ. ಗುಮಾಸ್ತನಾದ ನನಗೆ ಈ ಚಿತ್ರ ಅಪರಿಚಿತವಲ್ಲ. ಪ್ರತಿಯೊಬ್ಬರ ಟಿಪ್ಪಣಿಯೂ ಇರುವ, ಆದೇಶ ಮಾತ್ರ ಇಲ್ಲದ ಫೈಲುಗಳನ್ನು ಎಷ್ಟೋ ಕಂಡಿದ್ದೇನೆ.

ಹೀಗೆ ಎರಡು ಗಂಟೆ ಕಳೆಯಿತು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ. ಸುಮಾರು ಅರ್ಧ ಗಂಟೆಗೆ ಇನ್ನೊಂದು. ದೂರದ ಸಿಮ್ಲಾದ ಭೂಕಂಪಮಾಪಕದಲ್ಲಿ ಗೆರೆ ಮೂಡಿತು. ಸತ್ತವರು 800ರಿಂದ 1,300 ಎಂದು ಬೇರೆ ಬೇರೆ ಲೆಕ್ಕಗಳು. ಸುತ್ತಲ ಕೇರಿಗಳಲ್ಲಿ ಬೆಂದುಹೋದ ಬಡವರ ಹೆಸರು ಬರೆದಿಟ್ಟವರಾರು? ಕಪ್ತಾನ ನೈಸ್ಮಿತ್ ಉಳಿಯಲಿಲ್ಲ. ಅಗ್ನಿಶಾಮಕ ದಳದವರು 66 ಮಂದಿ ತೀರಿಕೊಂಡರು.

ದೂರದ ಮನೆಯೊಂದರ ಛಾವಣಿ ತೂರಿ ಚಿನ್ನದ ಗಟ್ಟಿ ಬಿತ್ತು. ಹೂಳೆತ್ತುವಾಗ ದಶಕಗಳ ನಂತರವೂ ಗಟ್ಟಿಗಳು ಸಿಕ್ಕವು. ಬೈಕುಲ್ಲಾದ ಅಗ್ನಿಶಾಮಕ ದಳದ ಆವರಣದಲ್ಲಿ ಮಡಿದವರ ಸ್ಮಾರಕವಿದೆ.