ಅಜ್ಜನ ಚಪ್ಪಲಿ ಸದ್ದು ಮತ್ತು 1817ರ ಒಂದು ಪುಸ್ತಕ

1/5
ಫೋಟೋದಲ್ಲಿರೋದು ನಮ್ಮಜ್ಜನ ಅಂಗಡಿ ಲೆಕ್ಕದ ಪುಸ್ತಕ. ಎಡಗಡೆ ಹಳೇ ಪುಟ, ದುಂಡಗಿನ ಅಕ್ಷರ. ಬಲಗಡೆಯದು ಮೂರು ವರ್ಷ ಆದಮೇಲಿಂದು. ಸಾಲು ಶುರುವಾಗೋವಾಗ ಸರಿಯಾಗೇ ಇದೆ, ಕೊನೆಗೆ ಬರ್ತಾ ಅಕ್ಷರ ಸಾಸಿವೆಯಷ್ಟು. ಬಿಕಾಂ ಓದೋ ನಾನು ಟೋಟಲ್ ಚೆಕ್ ಮಾಡಿದೆ, ಅಕ್ಷರ ನೋಡ್ಲಿಲ್ಲ.

ಆಮೇಲೆ ಮರೆವು ಬಂತು. ಸಂಜೆ ಜಗಲಿ ಮೇಲೆ ಯಾರೂ ಇಲ್ದಿದ್ರೂ "ಆ ಮಕ್ಕಳಿಗೆ ಊಟ ಹಾಕ್ರೋ" ಅನ್ನೋರು. ಆಮೇಲೆ ಬಲಗೈ ನಡುಕ, ಚಪ್ಪಲಿ ಎಳ್ಕೊಂಡು ನಡೆಯೋ ಸದ್ದು. ಅಪ್ಪ "ವಯಸ್ಸಾಯ್ತಲ್ಲ" ಅಂದ್ರು. ನಾವೆಲ್ಲ ನಂಬಿದ್ವಿ.

2/5
ಈಗ ಲಂಡನ್‌ಗೆ ಹೋಗೋಣ. ಜೇಮ್ಸ್ ಪಾರ್ಕಿನ್ಸನ್ ಅಲ್ಲಿನ ಹಾಕ್ಸ್‌ಟನ್ ಅನ್ನೋ ಕಡೆ ವೈದ್ಯರಾಗಿದ್ರು. 1817ರಲ್ಲಿ ನಡುಗುವ ಕಾಯಿಲೆ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ್ರು. ಅದರಲ್ಲಿರೋದು ಬರೀ 6 ಜನರ ಕಥೆ. ಅವರಲ್ಲಿ ಇಬ್ಬರು ಬೀದೀಲಿ ಸಿಕ್ಕವರು, ಒಬ್ಬರನ್ನಂತೂ ದೂರದಿಂದ ನೋಡಿದ್ದಷ್ಟೇ! ಸ್ಕ್ಯಾನ್ ಇಲ್ಲ, ಲ್ಯಾಬ್ ಇಲ್ಲ. ಜನ ಹೇಗೆ ನಡೀತಾರೆ, ಹೇಗೆ ಮುಂದಕ್ಕೆ ಬಾಗ್ತಾರೆ ಅಂತ ಗಮನ ಕೊಟ್ಟು ನೋಡಿದ್ರು.

ಆದ್ರೆ ಒಂದು ಮಾತು ಪೂರ್ತಿ ಸರಿ ಇರ್ಲಿಲ್ಲ. ಈ ಕಾಯಿಲೆ ಬುದ್ಧಿಯನ್ನ ಮುಟ್ಟಲ್ಲ ಅಂತ ಬರೆದಿದ್ರು.

3/5
ಮುಂದೆ ಪ್ಯಾರಿಸ್‌ನ ಶಾರ್ಕೋ ಅನ್ನೋ ವೈದ್ಯರು ಈ ಕಾಯಿಲೆಗೆ ಪಾರ್ಕಿನ್ಸನ್ ಹೆಸರು ಕೊಟ್ರು. ಕೆಲವರಲ್ಲಿ ಬುದ್ಧಿಯೂ ಮಂಕಾಗುತ್ತೆ ಅಂತ ಅವರೇ ಗಮನಿಸಿದ್ರು. 1912ರಲ್ಲಿ ಜರ್ಮನಿಯ ಲೆವಿ, ಈ ರೋಗಿಗಳ ಮೆದುಳಿನ ಜೀವಕೋಶಗಳೊಳಗೆ ಸಣ್ಣ ಸಣ್ಣ ಉಂಡೆಗಳನ್ನ ಕಂಡ್ರು. ಅವಕ್ಕೇ ಇವತ್ತು ಲೆವಿ ಬಾಡಿ ಅಂತಾರೆ.

1976ರಲ್ಲಿ ಜಪಾನಿನ ಕೆಂಜಿ ಕೊಸಾಕಾ, ಮರೆವಿನ ಕಾಯಿಲೆ ಇದ್ದವರೊಬ್ಬರ ಮೆದುಳಿನ ಹೊರಪದರದಲ್ಲೂ ಅದೇ ಉಂಡೆಗಳನ್ನ ತೋರಿಸಿದ್ರು. ಅಂದ್ರೆ ನಡುಕಕ್ಕೂ ಮರೆವಿಗೂ ಬೇರು ಒಂದೇ ಇರಬಹುದು! 1817ರಿಂದ ಲೆಕ್ಕ ಹಾಕಿ: 159 ವರ್ಷ. ಈ ಡಿಮೆನ್ಶಿಯಾ ಗುರುತಿಸೋಕೆ ಎಲ್ಲರೂ ಒಪ್ಪಿದ ನಿಯಮಗಳು ಪ್ರಕಟ ಆಗಿದ್ದು 1996ರಲ್ಲಿ. ಹೆಸರು: ಲೆವಿ ಬಾಡಿ ಡಿಮೆನ್ಶಿಯಾ.

4/5
ಹೆಸರಿಂದ ಏನಾಗುತ್ತೆ ಅಂತೀರಾ? ನಾವೂ ಹಳೇ ಡಾಕ್ಟರುಗಳ ಥರಾನೇ ಮಾಡಿದ್ವಿ. ಮರೆವಿಗೆ ಒಬ್ಬ ಡಾಕ್ಟರು, ಕಾಲಿಗೆ ಇನ್ನೊಬ್ಬರು. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳ್ಲಿಲ್ಲ. ಇಲ್ಲದ ಮಕ್ಕಳು ಕಾಣೋದು ನಿಲ್ಲಲಿ ಅಂತ ಒಂದು ಮಾತ್ರೆ ಶುರುವಾಯ್ತು. ಕೆಲವೇ ದಿನದಲ್ಲಿ ಅಜ್ಜ ಮರದ ಹಾಗೆ ಸೆಟೆದುಕೊಂಡ್ರು, ತುತ್ತು ನುಂಗೋಕೂ ಕಷ್ಟ. ಈ ಕಾಯಿಲೆಯವರಿಗೆ ಹ್ಯಾಲೋಪೆರಿಡಾಲ್ ಥರದ ಕೆಲವು ಮಾತ್ರೆಗಳು ತುಂಬಾ ಅಪಾಯ ಅಂತ ಆಮೇಲೆ ಗೊತ್ತಾಯ್ತು.

ಮೂರನೇ ಡಾಕ್ಟರು ಮೊದಲು ಕೇಳಿದ್ದು, "ಮುಂಚೆ ಹೇಗೆ ನಡೀತಿದ್ರು?" ನನ್ನ ಫೋನಲ್ಲಿ ಯುಗಾದಿ ದಿನ ರೀಲ್‌ಗೆ ಅಂತ ತೆಗೆದ ವಿಡಿಯೋ ಇತ್ತು. ತೋರಿಸ್ದೆ. ಅಜ್ಜ ನಡೆಯೋವಾಗ ಎಡಗೈ ಬೀಸ್ತಿದೆ, ಬಲಗೈ ಅಲ್ಲಾಡ್ತಾನೇ ಇಲ್ಲ. ಅದಕ್ಕೆ ನಾನೇ ಹಾಡು ಹಾಕಿ ಪೋಸ್ಟ್ ಮಾಡಿದ್ದೆ. ನೂರಾರು ಲೈಕ್ ಬಂದಿತ್ತು. ಯಾರಿಗೂ ಕಾಣ್ಲಿಲ್ಲ, ನನಗೂ.

5/5
ಇದು ವಾಸಿ ಆಗೋ ಕಾಯಿಲೆ ಅಲ್ಲ. ಆದ್ರೆ ಆ ಮಾತ್ರೆಯನ್ನ ಡಾಕ್ಟರು ನಿಲ್ಲಿಸಿದ ಮೇಲೆ ಅಜ್ಜ ಮತ್ತೆ ಕೂತ್ಕೊಂಡು ಊಟ ಮಾಡ್ತಾರೆ. ಆ ಮಕ್ಕಳು ಈಗಲೂ ಬರ್ತಾರೆ. ಅಜ್ಜಿ "ಆಯ್ತು, ಹಾಕ್ತೀನಿ" ಅಂತಾರೆ, ಅಷ್ಟೇ.

ನಿಮ್ಮನೇಲಿ ಹಿರಿಯರಿದ್ರೆ ನೋಡಿ: ಹೆಜ್ಜೆ ಚಿಕ್ಕದಾಗ್ತಿದ್ಯಾ, ತಿರುಗೋಕೆ ನಾಲ್ಕೈದು ಹೆಜ್ಜೆ ಬೇಕಾ, ಒಂದು ಕೈ ಬೀಸ್ತಿಲ್ವಾ, ಅಕ್ಷರ ಕುಗ್ತಿದ್ಯಾ. ನಡುಕಕ್ಕೆ ಬೇರೆ ಕಾರಣಗಳೂ ಇರ್ತವೆ, ಮಾತ್ರೆಯಿಂದಲೂ ಬರುತ್ತೆ. ಅದಕ್ಕೆ ನೀವೇ ತೀರ್ಮಾನ ಮಾಡ್ಬೇಡಿ. ತಾರೀಖು ಬರೆದಿಡಿ, ವಿಡಿಯೋ ಮಾಡಿ, ಮಾತ್ರೆಗಳ ಪಟ್ಟಿ ಸಮೇತ ಎಲ್ಲವನ್ನೂ ಒಬ್ಬರೇ ಡಾಕ್ಟರ ಮುಂದೆ ಇಡಿ.

ಹಬ್ಬದ ವಿಡಿಯೋಗಳು ಫೋನಲ್ಲಿ ಇದ್ದೇ ಇರುತ್ತಲ್ಲ. ಇವತ್ತು ಒಂದು ಸಲ ಮುಖ ಬಿಟ್ಟು ಕೈಕಾಲು ನೋಡಿ.

#ಇತಿಹಾಸ #ನಮ್ಮಜ್ಜ